‘ಪ್ರಾಣ ಕೊಟ್ಟರು’ ಎಂದು ಬರೆಯುವಾಗ ಮಾಡಿದ ಕೆಲಸವನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ,

ಗಡಿಯಿಂದ ಯೋಧರೊಬ್ಬರ ಪಾರ್ಥಿವ ಶರೀರ ಊರಿಗೆ ಬಂದ ಮಾರನೆಯ ದಿನ ಕನ್ನಡ ಪತ್ರಿಕೆಗಳನ್ನು ಬಿಡಿಸಿದರೆ ವರದಿಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಇರುತ್ತವೆ. ‘ನಗುನಗುತ್ತಾ ಪ್ರಾಣ ಅರ್ಪಿಸಿದ ವೀರ’ ಎಂಬ ಸಾಲು, ಹೂವು ಹೊದಿಸಿದ ಸೇನಾ ವಾಹನ, ಗಾಳಿಯಲ್ಲಿ ಹಾರಿಸಿದ ಮೂರು ಸುತ್ತು ಗುಂಡು, ಸೆಲ್ಯೂಟ್ ಹೊಡೆಯುವ ಪುಟ್ಟ ಮಗು. ವರದಿ ಪೂರ್ತಿ ಓದಿದರೂ ಆ ಮನುಷ್ಯ ಅಂದು ಯಾವ ಕೆಲಸದ ಮೇಲಿದ್ದರು, ಆ ಕೆಲಸ ಯಾಕೆ ಬೇಕಾಗಿತ್ತು, ಅವರು ಮಾಡಿದ್ದರಿಂದ ಯಾರು ಉಳಿದರು ಎಂಬುದು ಗೊತ್ತಾಗುವುದಿಲ್ಲ. ಸತ್ತರು ಎನ್ನುವುದೇ ಅವರ ಸಾಧನೆ ಎಂಬಂತೆ ವರದಿ ಮುಗಿದುಹೋಗುತ್ತದೆ. ನೆಲದಲ್ಲಿ ಹೂತಿಟ್ಟ ಸ್ಫೋಟಕ ಮೈನ್ ತೆಗೆಯುವುದು, ಸೇತುವೆ ಕಟ್ಟುವುದು, ಮುಳ್ಳುತಂತಿ ಒಡೆಯುವುದು ಇವೇ ವೃತ್ತಿಯಾಗಿದ್ದ, ಸೇನೆಯಿಂದ ನಿವೃತ್ತರಾದ ನಮಗೆ ಇದು ಆ ಯೋಧರಿಗೆ ಆಗುತ್ತಿರುವ ಅನ್ಯಾಯ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇವೆ.

ಸೇನೆಗೆ ಸೇರುವವರು ಮಾಡುವ ಪ್ರಮಾಣವನ್ನೇ ನೋಡಿ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ, ಜಲ, ಆಕಾಶ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಜೀವಕ್ಕೆ ಅಪಾಯ ಒದಗಿದರೂ ಮೇಲಧಿಕಾರಿಯ ಆಜ್ಞೆ ಪಾಲಿಸುತ್ತೇನೆ ಎಂಬುದು ಅದರ ಸಾರ. ಜೀವ ಕೊಡುತ್ತೇನೆ ಎಂಬ ಮಾತು ಅದರಲ್ಲಿ ಇಲ್ಲ. ಅಪಾಯಕ್ಕೆ ಒಡ್ಡಿಕೊಳ್ಳುವುದು ಬೇರೆ, ಸಾಯುವುದನ್ನೇ ಕೆಲಸ ಮಾಡಿಕೊಳ್ಳುವುದು ಬೇರೆ. ಇವೆರಡರ ನಡುವಿನ ಗೆರೆ ಅಳಿಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಾದ ವಸ್ತುವೊಂದು ನಮ್ಮ ಊರಿನ ಹೆಸರನ್ನೇ ಹೊತ್ತಿದೆ.

1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ (ಸ್ಯಾಪರ್ ಎಂದರೆ ಸೇನೆಯ ಇಂಜಿನಿಯರ್ ಸೈನಿಕ) ದಳದ ಕೇಂದ್ರ ಇರುವುದು ಹಲಸೂರು ಕೆರೆಯ ಪಕ್ಕದಲ್ಲಿ. 1912ರಲ್ಲಿ ಈ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಇದೇ ಬೆಂಗಳೂರಿನಲ್ಲಿ ಸ್ಫೋಟಕ ತುಂಬಿದ ಉದ್ದನೆಯ ಕೊಳವೆಯೊಂದನ್ನು ರೂಪಿಸಿದರು. ಜಗತ್ತಿನ ಸೇನೆಗಳೆಲ್ಲ ಇಂದಿಗೂ ಅದನ್ನು ‘ಬ್ಯಾಂಗಲೋರ್ ಟಾರ್ಪೆಡೊ’ ಎಂದೇ ಕರೆಯುತ್ತವೆ. ಅದು ಬರುವ ಮುಂಚೆ ಶತ್ರುವಿನ ಮುಳ್ಳುತಂತಿ ಬೇಲಿ ದಾಟಬೇಕಾದರೆ ಕತ್ತಲಲ್ಲಿ ಇಬ್ಬರು ಅಂಗಾತ ಮಲಗಿ ತೆವಳಿಕೊಂಡು ಹೋಗಬೇಕಾಗಿತ್ತು. ಬಿಗಿಯಾಗಿ ಎಳೆದು ಕಟ್ಟಿದ ತಂತಿ ತುಂಡಾದ ಕೂಡಲೇ ಚಿಮ್ಮಿ ಸದ್ದು ಮಾಡುತ್ತದೆ, ಆ ಸದ್ದಿಗೆ ಮಷಿನ್‌ಗನ್ ಎಚ್ಚರವಾಗುತ್ತದೆ. ಅದಕ್ಕೇ ಒಬ್ಬ ತಂತಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿಯಬೇಕು, ಇನ್ನೊಬ್ಬ ಗೂಟದ ಹತ್ತಿರ ಕತ್ತರಿಸಬೇಕು, ತುಂಡಾದ ತುದಿಯನ್ನು ನಿಧಾನಕ್ಕೆ ಹಿಂದಕ್ಕೆ ಬಾಗಿಸಬೇಕು. ಒಂದೊಂದು ಎಳೆಗೂ ಇಷ್ಟು. ಬೇಲಿ ಹತ್ತು ಅಡಿ ಅಗಲವಿದ್ದರೆ ರಾತ್ರಿ ಅಲ್ಲೇ ಕಳೆಯುತ್ತಿತ್ತು, ಎಷ್ಟೋ ಸಲ ಕತ್ತರಿಸಲು ಹೋದವರೂ ಅಲ್ಲೇ ಉಳಿಯುತ್ತಿದ್ದರು.

ಕೊಳವೆ ಬಂದ ಮೇಲೆ ಈ ಕೆಲಸದ ಸ್ವರೂಪವೇ ಬದಲಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಐದೈದು ಅಡಿಯ ತುಂಡುಗಳಾಗಿ ಬರುತ್ತಿತ್ತು. ಒಂದರ ಹಿಂದೆ ಒಂದನ್ನು ತೋಳಿನಂಥ ಜೋಡಣೆಯಿಂದ ಸೇರಿಸುತ್ತಾ ಮರೆಯಲ್ಲಿ ಮಲಗಿಯೇ ಬೇಲಿಯ ಕೆಳಗೆ ತಳ್ಳುತ್ತಾ ಹೋಗುವುದು, ಆಮೇಲೆ ಹಿಂದಕ್ಕೆ ಸರಿದು ಸಿಡಿಸುವುದು. ಮೂರು ನಾಲ್ಕು ಮೀಟರ್ ಅಗಲದ ದಾರಿ ತೆರೆಯುತ್ತದೆ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಬೇಲಿ ಒಡೆದದ್ದು ಇದೇ ಕೊಳವೆ. ಕೈಕೊಡುವ ಜಾಗಗಳೂ ಇವೆ. ಮುಂದಿನ ತುದಿಗೆ ದುಂಡನೆಯ ಮೂತಿ ಹಾಕದಿದ್ದರೆ ಅದು ತಂತಿಗೋ ಮಣ್ಣಿಗೋ ಸಿಕ್ಕಿಕೊಂಡು ನಿಲ್ಲುತ್ತದೆ. ಜೋಡಣೆ ಪೂರ್ತಿ ಕೂರದಿದ್ದರೆ ಹಿಂದಿನ ತುಂಡು ಮಾತ್ರ ಸಿಡಿದು ಬೇಲಿ ಅರ್ಧಕ್ಕೆ ಉಳಿಯುತ್ತದೆ, ದಾರಿ ತೆರೆದಿದೆ ಎಂದು ನಂಬಿ ಓಡಿದ ಪ್ಲಟೂನು ಅರ್ಧ ಬೇಲಿಯಲ್ಲಿ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸ್ಫೋಟಕ ಸಿಡಿಸಲು ಹಚ್ಚುವ ಬತ್ತಿಯದು. ಅದೇ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ಸುಟ್ಟು, ಗಡಿಯಾರ ಹಿಡಿದು ಸಮಯ ಅಳೆದ ಮೇಲೆ, ಇಟ್ಟವನು ಮರೆಗೆ ಬರಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಉದ್ದ ಬಿಡಬೇಕು ಎಂಬುದು ಪ್ರತಿ ಸ್ಯಾಪರ್ ಕಲಿಯುವ ಮೊದಲ ಪಾಠ. ಬತ್ತಿ ಎಷ್ಟು ಉದ್ದವಿರಬೇಕು ಎಂದು ತೀರ್ಮಾನಿಸುವವನು ತನ್ನ ಜವಾನನ ಜೀವಕ್ಕೆ ಎಷ್ಟು ಬೆಲೆ ಎಂಬುದನ್ನೂ ತೀರ್ಮಾನಿಸಿರುತ್ತಾನೆ.

1932ರ ಫೆಬ್ರುವರಿ 22ರಂದು ಶಾಂಘೈ ಬಳಿ ಜಪಾನಿ ಸೇನೆ ಚೀನೀಯರ ಮುಳ್ಳುತಂತಿ ಬೇಲಿ ಒಡೆಯಲು ಇದೇ ಬಗೆಯ ಕೊಳವೆಯನ್ನು ಬಿದಿರಿನಲ್ಲಿ ಕಟ್ಟಿಕೊಂಡು ಹೋಯಿತು. ಒಂದು ತಂಡದಲ್ಲಿ ಮೂವರು ಇಂಜಿನಿಯರ್ ಸೈನಿಕರು. ಬತ್ತಿಗೆ ಮೊದಲೇ ಬೆಂಕಿ ಹಚ್ಚಿಕೊಂಡು ಓಡಿದರು. ನಡುವೆ ಒಬ್ಬ ಬಿದ್ದ, ಹೊತ್ತು ಕಳೆಯಿತು, ಬೇಲಿ ತಲುಪುವ ಹೊತ್ತಿಗೆ ಕೊಳವೆ ಸಿಡಿದು ಮೂವರೂ ಸತ್ತರು. ಅದೇ ದಿನ ಅದೇ ಕೆಲಸಕ್ಕೆ ಹೋದ ಬೇರೆ ತಂಡಗಳಲ್ಲಿ ಜೀವಂತ ಮರಳಿದವರೂ ಇದ್ದರು. ಅಂದರೆ ಅದು ಮರಳಿ ಬರಬಹುದಾಗಿದ್ದ, ಬರಲೇಬೇಕಾಗಿದ್ದ ಕೆಲಸ. ಆದರೆ ಜಪಾನಿನ ದೊಡ್ಡ ಪತ್ರಿಕೆಗಳು ‘ಮೂವರು ಮಾನವ ಬಾಂಬ್‌ಗಳು’ ಎಂದು ಬರೆದವು, ಸಾಯಬೇಕೆಂದೇ ನಿರ್ಧರಿಸಿ ಹೋದರು ಎಂದು ಬರೆದವು. ಪತ್ರಿಕೆಗಳೇ ಪೈಪೋಟಿಯಿಂದ ಹಾಡಿನ ಸ್ಪರ್ಧೆ ಏರ್ಪಡಿಸಿದವು. ಸಿನಿಮಾಗಳು ಬಂದವು, ನಾಟಕಗಳು ಬಂದವು, ಟೋಕಿಯೊದಲ್ಲಿ ಪ್ರತಿಮೆ ನಿಂತಿತು. ಹಚ್ಚಿದ ಬತ್ತಿ ಹಿಡಿದು ಓಡಲು ಹೇಳಿದವರು ಯಾರು, ಅದು ಸಾಕಷ್ಟು ಉದ್ದವಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮುಂದಿನ ತಂಡವಾದರೂ ಉಳಿಯುತ್ತಿತ್ತು.

ಹನ್ನೆರಡು ವರ್ಷ ಕಳೆದ ಮೇಲೆ, 1944ರ ಅಕ್ಟೋಬರ್‌ನಲ್ಲಿ, ಅದೇ ದೇಶ ತನ್ನ ಹುಡುಗರನ್ನು ಬಾಂಬು ಹೊತ್ತ ವಿಮಾನದಲ್ಲಿ ಕೂರಿಸಿ ಹಡಗುಗಳ ಮೇಲೆ ಬೀಳಲು ಕಳಿಸಿತು. ಸುಮಾರು 3,800 ಪೈಲಟ್‌ಗಳು ಹಾಗೆ ಸತ್ತರು. ಮೂವರು ಸೈನಿಕರ ಕಥೆಯಿಂದಲೇ ಇದು ಬಂತು ಎಂದು ನಾವು ಹೇಳುವುದಿಲ್ಲ, ಕಾರಣಗಳು ಹಲವು. ಆದರೆ ಸಾವನ್ನೇ ಆಯುಧ ಮಾಡಿಕೊಳ್ಳುವ ಆಜ್ಞೆ ಬಂದಾಗ ಬೇಡವೆನ್ನಲು ಆ ಹುಡುಗರ ಬಳಿ ಮಾತೇ ಇರಲಿಲ್ಲ, ಏಕೆಂದರೆ ಸಾಯುವುದೇ ಶೌರ್ಯ ಎಂದು ಅವರು ಶಾಲೆಯಲ್ಲೂ ಪತ್ರಿಕೆಯಲ್ಲೂ ಓದಿ ಬೆಳೆದಿದ್ದರು. ‘ಸ್ವಇಚ್ಛೆಯಿಂದ ಹೋದರು’ ಎನ್ನುವ ಮಾತನ್ನೂ ಜೋಪಾನವಾಗಿ ಬಳಸಬೇಕು. ಸಾಲಾಗಿ ನಿಲ್ಲಿಸಿ ಎಲ್ಲರೆದುರು ‘ಯಾರು ಮುಂದೆ ಬರುತ್ತೀರಿ’ ಎಂದು ಕೇಳಿದಾಗ, ಪಕ್ಕದವನು ಹೆಜ್ಜೆ ಮುಂದಿಟ್ಟ ಮೇಲೆ ಹಿಂದೆ ನಿಲ್ಲುವುದು ಎಷ್ಟು ಕಷ್ಟವೆಂದು ಪಲ್ಟನ್ನಿನಲ್ಲಿ ಬಾಳಿದವರಿಗೆ ಗೊತ್ತು. ಒಳ್ಳೆಯ ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾನೆ.

ಹಾಗಾದರೆ ಸಾವು ಬಹುತೇಕ ಖಚಿತ ಎನ್ನುವಂಥ ಆಜ್ಞೆ ಕೊಡಲೇಬಾರದೇ? ಕೊಡಬೇಕಾಗುತ್ತದೆ. ಚೀನಾ ಯುದ್ಧದಲ್ಲಿ, 1962ರ ನವೆಂಬರ್ 18ರಂದು, ಲಡಾಖಿನ ರೆಜಾಂಗ್ ಲಾದಲ್ಲಿ 13 ಕುಮಾಂವ್ ಪಲ್ಟನ್ನಿನ ಚಾರ್ಲಿ ಕಂಪನಿಯ ಸುಮಾರು 120 ಮಂದಿ ಅಂಥ ಜಾಗದಲ್ಲೇ ನಿಂತಿದ್ದರು. ಅವರ ಬೆನ್ನ ಹಿಂದೆ ಚುಶೂಲ್, ಅಲ್ಲಿನ ವಿಮಾನ ಇಳಿದಾಣ. ನಡುವೆ ಇದ್ದ ಬೆಟ್ಟದ ಏಣು ಅಡ್ಡ ಬಂದು ನಮ್ಮ ಫಿರಂಗಿಗಳ ನೆರವು ಅವರಿಗೆ ಸಿಗುವಂತಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ವ್ಯರ್ಥ ಸಾವು ಎನ್ನಲು ಬರುವುದಿಲ್ಲ, ನಿಲ್ಲುವುದಕ್ಕೆ ಕಾರಣವಿತ್ತು, ಅವರ ಕೈಯಲ್ಲಿ ಕೋವಿಯಿತ್ತು, ಅವರು ಸಾಯಲೆಂದು ಅಲ್ಲ, ತಡೆಯಲೆಂದು ನಿಂತಿದ್ದರು. ಆದರೆ ಈ ಕಾಳಗದಿಂದ ನಾವು ಕಲಿಯಬೇಕಾದದ್ದು ಆ ಕಂಪನಿಯ ನಾಯಕ ಮೇಜರ್ ಶೈತಾನ್ ಸಿಂಗ್ ಕೊನೆಗೆ ಮಾಡಿದ ಕೆಲಸದಲ್ಲಿದೆ. ತೀವ್ರವಾಗಿ ಗಾಯಗೊಂಡ ಅವರನ್ನು ಇಬ್ಬರು ಜವಾನರು ಎತ್ತಿಕೊಂಡು ಹೊರಟಾಗ ಮಷಿನ್‌ಗನ್ ಗುಂಡು ಬೀಳತೊಡಗಿತು. ನನ್ನನ್ನು ಇಲ್ಲೇ ಬಿಟ್ಟು ಹೋಗಿ ಎಂದು ಅವರು ಆಜ್ಞೆ ಮಾಡಿದರು. ಮರುವರ್ಷ ಫೆಬ್ರುವರಿಯಲ್ಲಿ ಅವರ ಶರೀರ ಸಿಕ್ಕಿದ್ದು ಬಂಡೆಯ ಮರೆಯ ಅದೇ ಜಾಗದಲ್ಲಿ. ಅವರ ಕೊನೆಯ ಆಜ್ಞೆ ಇಬ್ಬರನ್ನು ಉಳಿಸಲು ಕೊಟ್ಟದ್ದು. ಪರಮವೀರ ಚಕ್ರದ ಕಥೆ ಹೇಳುವಾಗ ನಾವು ಇದನ್ನು ಒಂದು ಸಾಲಿನಲ್ಲಿ ದಾಟಿಸಿ ಹೋಗುತ್ತೇವೆ.

ಇನ್ನು ನಮ್ಮ ರಾಜ್ಯದವರೇ ಆದ ರಾಮ ರಾಘೋಬಾ ರಾಣೆ. ಕಾರವಾರದ ಬಳಿಯ ಚೆಂಡಿಯೆಯವರು, ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. ಬೆಂಗಳೂರಿನ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಅವರೇನು ಮಾಡಿದರು ಎಂದು ಒಬ್ಬರಾದರೂ ಹೇಳಿಯಾರೇ ಎಂಬುದು ನಮ್ಮ ಸಂಶಯ. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ಏಪ್ರಿಲ್‌ನಲ್ಲಿ, ಜಮ್ಮು ಕಡೆಯ ನೌಶೇರಾದಿಂದ ರಜೌರಿ ಕಡೆಗೆ ಹೊರಟ ಟ್ಯಾಂಕುಗಳಿಗೆ ದಾರಿ ಇರಲಿಲ್ಲ. ರಸ್ತೆಯಲ್ಲಿ ಮೈನ್‌ಗಳು, ಅಡ್ಡಲಾಗಿ ಉರುಳಿಸಿದ ದೊಡ್ಡ ಪೈನ್ ಮರಗಳು, ಮೇಲಿನ ಗುಡ್ಡಗಳಿಂದ ಗುಂಡು. ಏಪ್ರಿಲ್ 8ರಂದು ಕೆಲಸ ಶುರುವಾದ ಕೂಡಲೇ ಮಾರ್ಟರ್ ದಾಳಿಗೆ ಅವರ ತಂಡದ ಇಬ್ಬರು ಸತ್ತರು, ಐವರು ಗಾಯಗೊಂಡರು, ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಕೆಲಸ ನಿಲ್ಲಲಿಲ್ಲ. ಮೈನ್ ಹೂತಿದ್ದ ಕಡೆ ಅವರು ಟ್ಯಾಂಕಿನ ಕೆಳಗೆ ತೆವಳಿ ಅದರ ಜೊತೆಯಲ್ಲೇ ಸಾಗುತ್ತಾ, ಚಾಲಕನಿಗೆ ಕಟ್ಟಿದ ಹಗ್ಗ ಎಳೆದು ‘ನಿಲ್ಲು’, ‘ಹೊರಡು’ ಎಂದು ಸನ್ನೆ ಕೊಡುತ್ತಿದ್ದರು. ಟ್ಯಾಂಕಿನ ಉಕ್ಕನ್ನೇ ತಲೆಯ ಮೇಲಿನ ಸೂರು ಮಾಡಿಕೊಂಡದ್ದು ಆ ಉಪಾಯದ ಜಾಣ್ಮೆ. 11ರಂದು ಬೆಳಗ್ಗೆ 6ಕ್ಕೆ ಶುರು ಮಾಡಿ 11 ಗಂಟೆಗೆ ಚಿಂಗಾಸ್‌ವರೆಗೆ ದಾರಿ ತೆರೆದರು, ಮುಂದಿನ ದಾರಿಗಾಗಿ ರಾತ್ರಿ 10ರವರೆಗೆ ದುಡಿದರು.

ಮೈನ್ ತೆಗೆಯುವುದು ಎಂದರೇನು ಎಂದು ಗೊತ್ತಿದ್ದರೆ ಮಾತ್ರ ಇದರ ತೂಕ ತಿಳಿಯುತ್ತದೆ. ಮೊನಚಾದ ಸರಳನ್ನು ನೆಲಕ್ಕೆ ನೆಟ್ಟಗೆ ಚುಚ್ಚುವಂತಿಲ್ಲ, ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಬೇಕು. ಮೈನ್ ಸಿಡಿಯುವುದು ಮೇಲಿನ ತಟ್ಟೆ ಒತ್ತಿದಾಗ. ಓರೆಯಾಗಿ ಹೋದ ಸರಳು ಅದರ ಮಗ್ಗುಲಿಗೆ ತಾಗುತ್ತದೆ. ಟ್ಯಾಂಕ್ ವಿರೋಧಿ ಮೈನಿಗೆ ನೂರಾರು ಕಿಲೋ ಭಾರ ಬೇಕು, ಮನುಷ್ಯರಿಗೆಂದು ಇಟ್ಟದ್ದಕ್ಕೆ ಕೆಲವೇ ಕಿಲೋ ಸಾಕು, ದೊಡ್ಡದರ ಸುತ್ತ ಚಿಕ್ಕದನ್ನು ಇಡುವುದೇ ವಾಡಿಕೆ. ಸಿಕ್ಕಿದ ಮೈನನ್ನು ಹಾಗೇ ಎತ್ತುವಂತಿಲ್ಲ, ಅಡಿಯಲ್ಲಿ ಇನ್ನೊಂದು ಕಟ್ಟಿರಬಹುದು. ಹಗ್ಗ ಕಟ್ಟಿ ದೂರದಿಂದ, ಮರೆಯಿಂದ ಎಳೆಯಬೇಕು. ಒಬ್ಬ ಹುಡುಕುವಾಗ ಉಳಿದವರು ದೂರ ನಿಲ್ಲಬೇಕು, ಒಂದು ತಪ್ಪಿಗೆ ಒಂದಕ್ಕಿಂತ ಹೆಚ್ಚು ಜೀವ ಹೋಗಬಾರದು ಎಂಬುದೇ ಕಾರಣ. ಗಾಯದ ಕಾಲು ಎಳೆಯುತ್ತಾ, ನಿದ್ದೆಯಿಲ್ಲದೆ, ಗುಂಡಿನ ನಡುವೆ ನಾಲ್ಕು ದಿನ ಈ ಕೈ ನಡುಗದ ಕೆಲಸ. ರಾಣೆ ಬದುಕಿ ಉಳಿದರು, ಜೀವಂತವಾಗಿ ಪರಮವೀರ ಚಕ್ರ ಪಡೆದರು, 1994ರವರೆಗೆ ನಮ್ಮ ನಡುವೆ ಇದ್ದರು. ‘ಪ್ರಾಣಾರ್ಪಣೆ’ ಎಂಬ ಒಂದೇ ಅಚ್ಚಿನಲ್ಲಿ ಬರೆಯುವ ಭಾಷೆಗೆ ಇಂಥವರ ಬಗ್ಗೆ ಹೇಳಲು ಮಾತೇ ಸಿಗುವುದಿಲ್ಲ.

ಪಾಕಿಸ್ತಾನದ ಗಡಿಗೆ ಸೇನೆಯನ್ನು ಜಮಾಯಿಸಿದ 2001-02ರ ಆಪರೇಷನ್ ಪರಾಕ್ರಮ್‌ನಲ್ಲಿ ಯುದ್ಧವೇ ಆಗಲಿಲ್ಲ. ಆದರೂ ರಾಜಸ್ಥಾನದಿಂದ ಜಮ್ಮುವರೆಗೆ ಮೈನ್ ಹೂಳುವಾಗ ಮತ್ತು ತೆಗೆಯುವಾಗ ಸ್ಯಾಪರ್‌ಗಳು ಸತ್ತರು, ಕಾಲು ಕಳೆದುಕೊಂಡರು. ಅವಸರದಲ್ಲಿ ಹೂತ ಕಡೆ ನಕ್ಷೆ ಸರಿಯಾಗಿರಲಿಲ್ಲ, ಮರಳು ಸರಿಯಿತು, ಮಳೆಗೆ ಮೈನ್‌ಗಳು ಜಾಗ ಬಿಟ್ಟವು, ಹುಲ್ಲು ಬೆಳೆದು ಗುರುತು ಮುಚ್ಚಿತು. ಎದುರಿಗೆ ಶತ್ರು ಇಲ್ಲದ ಆ ಸಾವುಗಳು ಪತ್ರಿಕೆಗಳಿಗೆ ವೀರಗಾಥೆಯಾಗಿ ಕಾಣಲಿಲ್ಲ.

ಗ್ರೆನೇಡಿನ ಮೇಲೆ ಬಿದ್ದು ಸಂಗಾತಿಗಳನ್ನು ಉಳಿಸಿದ ಸೈನಿಕನ ಉದಾಹರಣೆ ನೀತಿಶಾಸ್ತ್ರದ ತರಗತಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪಡೆದಿದ್ದ ಇಂಗ್ಲೆಂಡಿನ ತತ್ತ್ವಜ್ಞಾನಿ ಜೆ.ಓ. ಅರ್ಮ್‌ಸನ್ 1958ರಲ್ಲಿ ಇದನ್ನೇ ಎತ್ತಿಕೊಂಡು, ಅದು ಕರ್ತವ್ಯದ ಆಚೆಗಿನ ಕೆಲಸ, ಯಾರೂ ಯಾರಿಂದಲೂ ಅದನ್ನು ಹಕ್ಕಿನಿಂದ ಕೇಳುವಂತಿಲ್ಲ ಎಂದು ವಾದಿಸಿದರು. ನಾವು ಅದನ್ನು ಒಪ್ಪುತ್ತೇವೆ. ನಮ್ಮ ಸೇನೆ ದಶಕಗಳ ಕಾಲ ಬಳಸಿದ 36 ನಂಬರಿನ ಗ್ರೆನೇಡು, ಕೈಯಲ್ಲಿ ಒತ್ತಿ ಹಿಡಿದ ಲಿವರ್ ಬಿಟ್ಟ ಮೇಲೆ ನಾಲ್ಕು ಸೆಕೆಂಡಿಗೆ ಸಿಡಿಯುತ್ತದೆ. ಅದು ಗಾಳಿಯಲ್ಲಿ ಬಂದು ಬೀಳುವುದರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ಉಳಿದ ಒಂದೆರಡು ಸೆಕೆಂಡಿನಲ್ಲಿ ಅದರ ಮೇಲೆ ಬಿದ್ದವನಿಗೆ ನಾವು ಕೈಮುಗಿಯಬೇಕು. ಬೀಳದೆ ಗೋಡೆಗೆ ಒರಗಿದವನನ್ನು ಹೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ತರಗತಿಗಳಲ್ಲಿ ಬಾರದ ಮಾತೊಂದಿದೆ. ಕಂದಕ ತೋಡುವಾಗ ಅದರ ನೆಲವನ್ನು ಒಂದು ಕಡೆಗೆ ಇಳಿಜಾರು ಮಾಡಿ, ಮೂಲೆಯಲ್ಲಿ ಕಿರಿದಾದ ಆಳ ಗುಂಡಿ ತೆಗೆಯುವುದು ಪದ್ಧತಿ. ಬಿದ್ದ ಗ್ರೆನೇಡು ತಾನೇ ಉರುಳಿಯೋ ಕಾಲಲ್ಲಿ ಒದ್ದರೋ ಆ ಗುಂಡಿಗೆ ಇಳಿಯುತ್ತದೆ, ಸ್ಫೋಟದ ಚೂರುಗಳನ್ನು ಮಣ್ಣು ತಿನ್ನುತ್ತದೆ. ಇನ್ನೊಂದು ಮೊಳ ತೋಡಲು ಸಂಜೆ ಒಂದು ತಾಸು ಹಿಡಿಯುತ್ತದೆ. ಬಳಲಿದ ಜವಾನರಿಂದ ಆ ಗುಂಡಿ ತೋಡಿಸದೆ ಬಿಟ್ಟ ಹವಾಲ್ದಾರ್ ಯಾರದೋ ಪ್ರಾಣತ್ಯಾಗಕ್ಕೆ ಜಾಗ ಸಿದ್ಧ ಮಾಡಿಟ್ಟಂತೆ.

ಗಾಯಗೊಂಡವರನ್ನು ತರಲು ಹೋಗುವುದೂ ಹೀಗೆಯೇ. ತೆರೆದ ಬಯಲಲ್ಲಿ ಒಬ್ಬ ಬಿದ್ದು ಕೂಗುತ್ತಿದ್ದಾಗ ಸಂಗಾತಿ ಎದ್ದು ಓಡುವುದು ಸಹಜ. ಅಡಗಿ ಕುಳಿತ ಗುರಿಕಾರ ಕಾಯುವುದೂ ಅದಕ್ಕೇ. ಒಬ್ಬನನ್ನು ಉಳಿಸಲು ಹೋಗಿ ಮೂವರು ಬೀಳುವುದು ಯುದ್ಧದಲ್ಲಿ ಪದೇಪದೇ ಆಗುವ ಅನಾಹುತ. ಮೊದಲು ಎದುರಿನ ಕೋವಿಯನ್ನು ಅಡಗಿಸಬೇಕು, ಬಿದ್ದವನಿಗೆ ಪ್ರಜ್ಞೆ ಇದ್ದರೆ ತಾನೇ ಮರೆಗೆ ತೆವಳಲು, ರಕ್ತ ಚಿಮ್ಮುವ ಕೈಕಾಲಿಗೆ ತಾನೇ ಪಟ್ಟಿ ಬಿಗಿದುಕೊಳ್ಳಲು ಕೂಗಿ ಹೇಳಬೇಕು, ಹೊಗೆ ಬಾಂಬು ಎಸೆದು ಹೊಗೆ ದಟ್ಟವಾಗುವವರೆಗೆ ಕಾಯಬೇಕು, ಆಮೇಲೆ ಹಗ್ಗ ಹಿಡಿದು ಹೋಗಬೇಕು. ಆ ಕೆಲವು ನಿಮಿಷ ಕಾಯುವುದು ಕಲ್ಲೆದೆಯಲ್ಲ. ಮುಂಬೈ ತಾಜ್ ಹೋಟೆಲಿನಲ್ಲಿ 2008ರ ನವೆಂಬರ್ 28ರಂದು ತೀರಿಕೊಂಡ ನಮ್ಮ ಊರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಗಾಯಗೊಂಡ ಕಮಾಂಡೊವನ್ನು ಮೊದಲು ಹೊರಗೆ ಸಾಗಿಸುವ ಏರ್ಪಾಡು ಮಾಡಿ, ಆಮೇಲೆ ಉಗ್ರರ ಬೆನ್ನು ಹತ್ತಿದರು. ‘ಮೇಲೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ’ ಎಂಬ ಅವರ ಮಾತು ಪೋಸ್ಟರುಗಳ ಮೇಲೆಲ್ಲ ಇದೆ. ಅದಕ್ಕೆ ಮುಂಚೆ ಮಾಡಿದ ಏರ್ಪಾಡು ಯಾವ ಪೋಸ್ಟರಿನಲ್ಲೂ ಇಲ್ಲ.

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ವಿಚಾರದಲ್ಲಿ ಮಾತ್ರ ನಮ್ಮೊಳಗೇ ಎರಡು ಅಭಿಪ್ರಾಯವಿದೆ. 1971ರ ಡಿಸೆಂಬರ್ 16, ಪಾಕಿಸ್ತಾನದ ಟ್ಯಾಂಕುಗಳೆದುರು ನಡೆದ ಬಸಂತರ್ ಕಾಳಗ. ಅವರ ಟ್ಯಾಂಕಿಗೆ ಏಟು ಬಿದ್ದು ಬೆಂಕಿ ಹತ್ತಿದಾಗ ಇಳಿದು ಬರುವಂತೆ ರೇಡಿಯೊದಲ್ಲಿ ಆಜ್ಞೆಯಾಯಿತು. ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಬರುವುದಿಲ್ಲ ಎಂದರು, ಹೋರಾಡುತ್ತಲೇ ಸತ್ತರು. ಆಗ ಅವರಿಗೆ 21 ವರ್ಷ. ಎದುರಿಗೆ ಏನಿದೆ ಎಂದು ಅವರಿಗೆ ಕಾಣುತ್ತಿತ್ತು, ಹಿಂದಿದ್ದವರಿಗೆ ಕಾಣುತ್ತಿರಲಿಲ್ಲ ಎಂಬುದು ಒಂದು ವಾದ. ಆ ಟ್ಯಾಂಕಿನಲ್ಲಿ ಅವರೊಬ್ಬರೇ ಇರಲಿಲ್ಲ, ತನ್ನ ಪ್ರಾಣದ ಬಗ್ಗೆ ತೀರ್ಮಾನಿಸುವವನು ಜೊತೆಗಿದ್ದವರ ಪ್ರಾಣದ ಬಗ್ಗೆಯೂ ತೀರ್ಮಾನಿಸುತ್ತಾನೆ ಎಂಬುದು ಇನ್ನೊಂದು. ಎರಡನ್ನೂ ಹೇಳಿದರೆ ಅವರ ಗೌರವ ಕಡಿಮೆಯಾಗುವುದಿಲ್ಲ.

ಬದುಕಿ ಬಂದವರ ಮಾತಿಗೆ ಬರೋಣ. ಇದುವರೆಗಿನ 21 ಪರಮವೀರ ಚಕ್ರಗಳಲ್ಲಿ 14 ಮರಣೋತ್ತರ. ಈ ಲೆಕ್ಕ ನೋಡಿ, ದೊಡ್ಡ ಪದಕ ಬೇಕಾದರೆ ಸಾಯಲೇಬೇಕು ಎಂದು ನಂಬುವ ಹುಡುಗರಿದ್ದಾರೆ. 1962ರಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದು ತಿಳಿದು ಪರಮವೀರ ಚಕ್ರ ಘೋಷಿಸಲಾಗಿತ್ತು, ಅವರು ಚೀನೀಯರ ಸೆರೆಯಲ್ಲಿ ಜೀವಂತ ಇದ್ದರು. ಕಾರ್ಗಿಲ್‌ನ ಟೈಗರ್ ಹಿಲ್‌ನಲ್ಲಿ ಹೋರಾಡಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಮೊದಲು ಮರಣೋತ್ತರವೆಂದೇ ಘೋಷಣೆಯಾಗಿತ್ತು, ಅವರು ಆಸ್ಪತ್ರೆಯಲ್ಲಿದ್ದರು. ಇಬ್ಬರ ಪದಕವೂ ಹಾಗೇ ಉಳಿಯಿತು, ಏಕೆಂದರೆ ಪದಕ ಮಾಡಿದ ಕೆಲಸಕ್ಕೆ. ಸೆರೆಯಾಗುವುದೂ ಅವಮಾನವಲ್ಲ. ಗುಂಡು ಮುಗಿದು, ಹೋರಾಟದಿಂದ ಯಾವ ಉಪಯೋಗವೂ ಉಳಿಯದಾಗ ಶರಣಾದವನಿಗೆ 1949ರ ಜಿನೀವಾ ಒಪ್ಪಂದ ರಕ್ಷಣೆ ಕೊಡುತ್ತದೆ. ಸೆರೆಯಾದ ಯೋಧನ ಸುದ್ದಿ ಬರೆಯುವಾಗ ಅವನ ಹೆಂಡತಿ ಮಕ್ಕಳು ಓದುತ್ತಾರೆ ಎಂಬುದು ನೆನಪಿರಲಿ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಹಿಮಕುಸಿತಕ್ಕೆ ಸಿಕ್ಕಿ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಸುಮಾರು 25 ಅಡಿ ಹಿಮದಡಿಯಿಂದ ಅವರೊಬ್ಬರು ಜೀವಂತ ಸಿಕ್ಕಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅವರ ಸಹನಶಕ್ತಿಯ ಬಗ್ಗೆ ಪುಟಗಟ್ಟಲೆ ಬಂತು, ಬರಬೇಕಾದ್ದೇ. ಸುಮಾರು 19,600 ಅಡಿ ಎತ್ತರದಲ್ಲಿ ಕಲ್ಲಿನಂಥ ನೀಲಿ ಹಿಮವನ್ನು ಹಗಲೂ ರಾತ್ರಿ ಕಡಿದ ಜವಾನರು ಮತ್ತು ಜಾಡು ಹಿಡಿದ ನಾಯಿಗಳ ಬಗ್ಗೆ ಅಷ್ಟು ಬರಲಿಲ್ಲ. 1984ರಿಂದ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹಿಮ ಮತ್ತು ಎತ್ತರಕ್ಕೇ ಹೆಚ್ಚು ಯೋಧರು ಬಲಿಯಾಗಿದ್ದಾರೆ. ಎತ್ತರದ ಪ್ರದೇಶಗಳ ಸೈನಿಕರಿಗೆ ಹಿಮ ಕನ್ನಡಕ, ಬೂಟುಗಳ ಕೊರತೆ ಇತ್ತೆಂದು ಮಹಾಲೇಖಪಾಲರ (ಸಿಎಜಿ) ವರದಿ 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದಾಗ, ಆ ಸುದ್ದಿಗೆ ಅದೇ ದಪ್ಪಕ್ಷರ ಸಿಗಬೇಕಾಗಿತ್ತು. ಕನ್ನಡಕವಿಲ್ಲದೆ ಹಿಮದ ಬೆಳಕಿಗೆ ಕಣ್ಣು ಕುರುಡಾಗಲು ಕೆಲವು ಗಂಟೆ ಸಾಕು, ಕುರುಡಾದವನು ಕೊರಕಲಿಗೆ ಬೀಳುತ್ತಾನೆ. ಆ ಸಾವನ್ನು ಬಲಿದಾನ ಎಂದು ಕರೆದುಬಿಟ್ಟರೆ ಕನ್ನಡಕ ತರಿಸದವರು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದ್ದರು. ಹೆಬ್ಬಾಳದ ಕಿತ್ತಯನ ವೀರಗಲ್ಲು ಸುಮಾರು 750ರದು, ಅವನು ಯಾರ ದಾಳಿಯನ್ನು ತಡೆಯುತ್ತಾ ಬಿದ್ದ ಎಂದು ಕಲ್ಲೇ ಹೇಳುತ್ತದೆ. ಬೇಗೂರಿನ ದೇವಾಲಯದ ಕಲ್ಲು ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣ ಸೆಟ್ಟಿ ‘ಬೆಂಗಳೂರು ಕಾಳಗ’ದಲ್ಲಿ ಸತ್ತನೆನ್ನುತ್ತದೆ, ಈ ಊರಿನ ಹೆಸರು ನಮಗೆ ಅಷ್ಟು ಹಿಂದೆ ಸಿಗುವುದೇ ಒಬ್ಬ ಸತ್ತವನ ದಾಖಲೆಯಿಂದ. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲನ್ನು ಓದುಗರು ಒಮ್ಮೆ ನೋಡಬೇಕು. ಆನೆ ಕುದುರೆಗಳ ಕಾಳಗದ ಚಿತ್ರದ ಜೊತೆಗೆ, ತುಂಬೆಪಾಡಿಯಲ್ಲಿ ನಾಗತ್ತರ ಬಿದ್ದ ಮೇಲೆ ಗಂಗರ ದೊರೆ ಎರೆಯಪ್ಪ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ (ವೀರರಿಗೆ ಕೊಡುವ ಭೂದಾನವಾಗಿ) ಕೊಟ್ಟದ್ದು, ಆ ಹಳ್ಳಿಗಳ ಹೆಸರು ಎಲ್ಲ ಅದರಲ್ಲಿವೆ. ಹೊಗಳಿಕೆಯ ಪಕ್ಕದಲ್ಲೇ ಹೊಣೆಗಾರಿಕೆಯನ್ನೂ ಕೊರೆದರು. ಬಿದ್ದವರ ಮನೆಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರೇ ಇತ್ತು. ಒಡೆಯನ ಜೊತೆ ಸಾಯುವ ವೇಳೆವಾಳಿಯಂಥ ಪ್ರತಿಜ್ಞೆಯೂ ಇದೇ ನಾಡಿನಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹಳೇಬೀಡಿನಲ್ಲಿ ಹೊಯ್ಸಳರ ದಂಡನಾಯಕ ಕುವರ ಲಕ್ಷ್ಮನ ಕಂಬದ ಮೇಲೆ ತಮ್ಮನ್ನು ತಾವೇ ಕತ್ತರಿಸಿಕೊಳ್ಳುವ ಗರುಡರ, ಅಂದರೆ ಒಡೆಯನೊಂದಿಗೆ ಸಾಯುವ ಪ್ರತಿಜ್ಞೆ ಮಾಡಿದ ಅಂಗರಕ್ಷಕರ, ಕೆತ್ತನೆ ಇದೆ. ಅದು ನಿಷ್ಠೆ ಇರಬಹುದು. ಅದರಿಂದ ಯಾರ ಊರೂ, ಯಾರ ದನವೂ, ಯಾರ ಮಾನವೂ ಉಳಿಯಲಿಲ್ಲ. ಕಿತ್ತಯನ ಸಾವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಂದಿನ ನೆತ್ತರುಕೊಡಗೆಯ ಲೆಕ್ಕವೂ ವರದಿಯಲ್ಲಿ ಬರಲಿ. 2016ರ ಜನವರಿ 1ರಿಂದ ಕೇಂದ್ರದ ಪರಿಹಾರ ಕರ್ತವ್ಯದ ಮೇಲಿನ ಅಪಘಾತ ಅಥವಾ ಉಗ್ರರ ಕೃತ್ಯಕ್ಕೆ 25 ಲಕ್ಷ, ಗಡಿ ಚಕಮಕಿ ಅಥವಾ ನಿಗದಿತ ಎತ್ತರದ ಪ್ರದೇಶದ ಹವಾಮಾನಕ್ಕೆ ಬಲಿಯಾದರೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನಿಂದಾದರೆ 45 ಲಕ್ಷ ಎಂದು ನಿಗದಿಯಾಗಿತ್ತು. ಕಾಯಂ ಸೈನಿಕ ಕಾಳಗದಲ್ಲಿ ಸತ್ತರೆ ಹೆಂಡತಿಗೆ ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿ ಬರುತ್ತದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ನಿಯಮದಂತೆ ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರನಿಗೆ 48 ಲಕ್ಷದ ವಿಮೆ, 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ ಮತ್ತು ಸೇವೆಯ ಕೊನೆಗೆ ಸಿಗುವ ಇಡುಗಂಟಾದ ಸೇವಾನಿಧಿ ಇವೆ, ಕುಟುಂಬ ಪಿಂಚಣಿ ಇಲ್ಲ. ಒಂದೇ ಕಂದಕದಲ್ಲಿ ಒಂದೇ ಗುಂಡಿಗೆ ಬಿದ್ದ ಇಬ್ಬರಲ್ಲಿ ಒಬ್ಬನ ಮನೆಗೆ ಪಿಂಚಣಿ, ಇನ್ನೊಬ್ಬನ ಮನೆಗೆ ಇಲ್ಲ ಎನ್ನುವುದು ನಮ್ಮ ಮನಸ್ಸಿಗೆ ಒಪ್ಪುವ ಮಾತಲ್ಲ.

ನಿಮ್ಮ ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟು. ‘ಹುತಾತ್ಮ’ ಎಂಬ ಪದ ಸತ್ತ ಎಲ್ಲರಿಗೂ ಒಂದೇ ಮುದ್ರೆಯಾಗದಿರಲಿ. 2022ರ ಫೆಬ್ರುವರಿಯಲ್ಲಿ ಸೇನೆಯೇ ‘ಮಾರ್ಟಿರ್’ ಪದದ ಬದಲು ‘ಕಾರ್ಯಾಚರಣೆಯಲ್ಲಿ ಮಡಿದವರು’ ಎಂಬಂಥ ಮಾತು ಬಳಸಲು ತನ್ನ ಘಟಕಗಳಿಗೆ ಸೂಚಿಸಿದೆ. ‘ಮಡಿದರು’ ಒಳ್ಳೆಯ ಕನ್ನಡ ಮಾತು, ಅದರಲ್ಲಿ ಗೌರವವೂ ಇದೆ. ಅವರ ಕೆಲಸ ಯಾವುದು, ದಳ ಯಾವುದು, ಸಿಗ್ನಲ್‌ನವರೋ, ಚಾಲಕರೋ, ಅಡುಗೆಯವರೋ ಬರೆಯಿರಿ, ಮುಂಚೂಣಿಯಲ್ಲಿ ಅಡುಗೆಯವರೂ ಮಡಿಯುತ್ತಾರೆ. ಘಟನೆಯ ದಿನ ಸಿಗುವ ವಿವರ ಅಲ್ಪ, ಹಾಗಾಗಿ ಮೊದಲ ದಿನ ಕಲ್ಪಿಸಿ ತುಂಬಿಸದೆ, ಶೌರ್ಯ ಪದಕದ ಒಕ್ಕಣೆ ಪ್ರಕಟವಾದಾಗ ಮತ್ತೊಮ್ಮೆ ಪೂರ್ತಿ ಬರೆಯಿರಿ. ಆ ಒಕ್ಕಣೆ ಕಣ್ಣಾರೆ ಕಂಡವರ ಹೇಳಿಕೆಯ ಮೇಲೆ ನಿಂತಿರುತ್ತದೆ, ಅದರಲ್ಲಿ ಹೊತ್ತು, ದೂರ, ಕೆಲಸ ಇರುತ್ತವೆ. ಮಗುವಿನ ಕೈಯನ್ನು ಹಣೆಗೆ ಎತ್ತಿಸಿ ತೆಗೆಸಿದ ಫೋಟೊ ದಯವಿಟ್ಟು ಬೇಡ. ಬದುಕಿ ಬಂದ ಗಾಯಾಳುಗಳನ್ನು ಆರು ತಿಂಗಳ ಮೇಲೆ ಹೋಗಿ ಮಾತಾಡಿಸಿ, ಕೃತಕ ಕಾಲು ಸರಿಯಾಗಿ ಕೂರುತ್ತಿದೆಯೇ ಎಂದೂ ಕೇಳಿ. ನೆಹರೂ ತಾರಾಲಯದ ಎದುರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ವೀರಗಲ್ಲು ಇದೆ, ಕಲ್ಲುಗಳ ಮೇಲೆ ಸಾವಿರಾರು ಹೆಸರುಗಳಿವೆ. ಭಾನುವಾರದ ಪುರವಣಿಯಲ್ಲಿ ವಾರಕ್ಕೊಂದು ಹೆಸರು ಆರಿಸಿ ಅವರು ಮಾಡಿದ ಕೆಲಸ ಬರೆದರೂ ವರ್ಷಗಟ್ಟಲೆ ಸಾಲುತ್ತದೆ. ಮಾರ್ಟರ್ ಯಾವುದು, ಫಿರಂಗಿ ಯಾವುದು, ಮೈನ್ ಯಾವುದು, ಸುಧಾರಿತ ಸ್ಫೋಟಕ ಯಾವುದು ಎಂಬ ಗೊಂದಲವಿದ್ದರೆ ಅಚ್ಚಿಗೆ ಹೋಗುವ ಮುನ್ನ ಪ್ರತಿ ಓದಿ ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಸೇನೆಯ ಇಂಜಿನಿಯರ್ ದಳದಿಂದ ನಿವೃತ್ತರಾದ ಕೆಲವರು
ಹಲಸೂರು, ಬೆಂಗಳೂರು